ಮನಿಲೆಕ್ಕದೊಳಗೊಂದು ಹೇನು

"ಅಪ್ಪಾ, ಟೀವಿ ಬಂದ್ ಮಾಡ್ರಿ!"

ಶೀತಲ್ ಅಡುಗೆಮನೆಯಿಂದ ಓಡಿ ಬಂದಳು. ಕೈಯಲ್ಲಿದ್ದ ಟ್ರೇ ಅಲುಗಾಡಿ ಚಹಾದ ಕಪ್ಪುಗಳು ಒಂದಕ್ಕೊಂದು ಬಡಿದುಕೊಂಡವು. ಆದರೆ ಅಷ್ಟರಲ್ಲಿ ಟೀವಿಯ ಮೇಲಿನ ದೊಡ್ಡ ಅಕ್ಷರಗಳನ್ನು ಕುನಾಲ ನೋಡಿಬಿಟ್ಟಿದ್ದ.

"ಶೀತಲ್. ಔಷಧಿ. ಹೇನಿನ ಶಾಂಪೂ," ಎಂದು ಅವನು ಕ್ಲಾಸಿನಲ್ಲಿ ಪಾಠ ಓದಿದ ಹಾಗೆ ಗಟ್ಟಿಯಾಗಿ ಓದಿದ. ಆಮೇಲೆ ಸೋಫಾದ ಮೇಲೆ ಬಿದ್ದು ಹೊರಳಾಡಿ ನಗತೊಡಗಿದ.

ಕುನಾಲ ಅವಳ ಕ್ಲಾಸಿನವನೇ, ಆರನೇ ಇಯತ್ತೆ. ಅವನ ಅಪ್ಪ ತುಳಜಾರಾಮ ಕಾಕಾ, ಶೀತಲಳ ಅಪ್ಪ ವೀರಭದ್ರನ ಹಳೆಯ ಗೆಳೆಯ. ಭಾನುವಾರ ಸಂಜೆ ಅಪ್ಪ-ಮಗ ಇಬ್ಬರೂ ಚಹಾ ಕುಡಿಯಲು ಬಂದಿದ್ದರು.

"ತಡಿ ಶೀತಲ್, ಕಾಕಾಗ ತೋರ್ಸಾಕತ್ತೇನಿ," ಎಂದ ಅಪ್ಪ, ತಿರುಗಿಯೂ ನೋಡದೆ. "ನೋಡಪಾ ತುಳಜಾರಾಮ, ಅಂಗಡಿ ಬಿಲ್ಲಿನ ಫೋಟೋ ಹೊಡದು, ಯಾರ ಸಲುವಾಗಿ ಅಂತ ಒತ್ತಿದ್ರ ಸಾಕು. ತಾನ ಓದ್ತದ, ತಾನ ಬರಕೊಳ್ತದ. ಮಸ್ತ್ ಅದನೋ ಇಲ್ಲೋ?"

"ಮಸ್ತ್ ಅದ," ಎಂದರು ಕಾಕಾ. ಅವರ ತುಟಿಯ ಮೇಲೂ ನಗು ಇತ್ತು.

ಶೀತಲ್ ಟ್ರೇಯನ್ನು ಟೀಪಾಯಿಯ ಮೇಲೆ ಕುಕ್ಕಿ ಒಳಗೆ ಹೋದಳು.

ಅಪ್ಪನಿಗೆ ಕಂಪ್ಯೂಟರಿನ ಹುಚ್ಚು. ದಿನಾ ಬಸವಕಲ್ಯಾಣದಿಂದ ಹುಮನಾಬಾದಿಗೆ ಬಸ್ಸಿನಲ್ಲಿ ಹೋಗಿ, ಅಲ್ಲಿನ ಟ್ರ್ಯಾಕ್ಟರ್ ಶೋರೂಮಿನಲ್ಲಿ ಬಿಲ್ ಮಾಡುವುದು ಅವನ ಕೆಲಸ. ಶೋರೂಮಿನವರು ಎಸೆಯಲಿಟ್ಟಿದ್ದ ಹಳೆಯ ಕಂಪ್ಯೂಟರನ್ನು ಒಂದು ದಿನ ಕೂಸಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಆಟೋದಲ್ಲಿ ಮನೆಗೆ ತಂದಿದ್ದ. ಅದನ್ನು ಟೀವಿಯ ಕೆಳಗೆ ಕೂರಿಸಿ "ಇದು ನಮ್ಮ ಸರ್ವರ್" ಎಂದಿದ್ದ. ವಿಡಿಯೋ ನೋಡಿ ನೋಡಿ ತಾನೇ ಕಲಿತು, ಮನೆಯ ಖರ್ಚು ಬರೆದಿಡುವ ಒಂದು ಆ್ಯಪ್ ಕಟ್ಟಿದ್ದ. ಅದಕ್ಕೆ 'ಮನಿಲೆಕ್ಕ' ಎಂದು ಹೆಸರು.

"ಮನಿ ಅಂದ್ರ ನಮ್ಮ ಮನಿನೂ ಹೌದು, ಇಂಗ್ಲಿಷಿನ್ಯಾಗ ರೊಕ್ಕನೂ ಹೌದು!" ಎಂದು ಬಂದವರಿಗೆಲ್ಲ ಹೇಳಿ, ಎಲ್ಲರಿಗಿಂತ ಮೊದಲು ತಾನೇ ನಗುತ್ತಿದ್ದ. "ಬ್ಯಾರೆ ಆ್ಯಪಿನ್ಯಾಗ ಹಾಕಿದ್ರ ನಮ್ಮ ಮನಿ ಮಾತು ಯಾವುದೋ ಕಂಪನಿಗೆ ಹೋಗ್ತದ. ಇದು ಹಂಗಲ್ಲ. ಎಲ್ಲಾ ಈ ಡಬ್ಬಿಯೊಳಗ. ನಮ್ಮ ಹೊಸ್ತಿಲಾ ದಾಟಂಗಿಲ್ಲ."

ಮರುದಿನ ಶಾಲೆಯ ಬೆಲ್ ಹೊಡೆಯುವುದಕ್ಕೂ ಮೊದಲೇ ಹೇನಿನ ಮಾತು ಹೊಸ್ತಿಲು ದಾಟಿತ್ತು.

ಶೀತಲ್ ಕ್ಲಾಸಿನೊಳಗೆ ಕಾಲಿಟ್ಟಳು. ಹುಡುಗರೆಲ್ಲ ಒಮ್ಮೆಲೇ ಕರಕರ ತಲೆ ಕೆರೆದುಕೊಳ್ಳತೊಡಗಿದರು. ಎಲ್ಲರಿಗಿಂತ ಜೋರಾಗಿ ಕೆರೆದುಕೊಳ್ಳುತ್ತಿದ್ದವನು ಕುನಾಲ.

ಅವಳು ತನ್ನ ಬೆಂಚಿಗೆ ಹೋಗಿ ಕುಳಿತಳು. ಪಕ್ಕದಲ್ಲಿ ಮಿಸ್ಬಾ. ಒಂದನೇ ಇಯತ್ತೆಯಿಂದಲೂ ಇಬ್ಬರದೂ ಒಂದೇ ಬೆಂಚು. ಮಿಸ್ಬಾ ಮೆಲ್ಲಗೆ ತನ್ನ ಬ್ಯಾಗ್ ಎತ್ತಿ ಇಬ್ಬರ ನಡುವೆ ಇಟ್ಟಳು.

"ಅಮ್ಮಿ ಬೈತಾಳ," ಎಂದಳು, ತಲೆ ತಗ್ಗಿಸಿ.

"ಒಂದೂ ಇಲ್ಲ ಈಗ! ನಮ್ಮವ್ವ ಎಲ್ಲಾ ತಗದಾಳ!" ಎಂದು ಶೀತಲ್ ಚೀರಿದಳು. ಅದನ್ನು ಕೇಳಿ ಹುಡುಗರು ಇನ್ನಷ್ಟು ನಕ್ಕರು.

ಬಿಡುವಿನಲ್ಲಿ ನಲ್ಲಿಯ ಹತ್ತಿರ ಕುನಾಲ ಬಂದು ಕೈಮುಗಿದ. "ನಮಸ್ಕಾರ್ರಿ ಹೇನವ್ವಾ. ಮನ್ಯಾಗ ಎಲ್ಲಾರೂ ಆರಾಮ ಅದಾರಾ? ಮಕ್ಕಳು, ಮರಿ?"

ಶೀತಲ್ ಆಗಷ್ಟೇ ತುಂಬಿಸಿಕೊಂಡಿದ್ದ ಬಾಟಲಿಯ ನೀರನ್ನು ಪೂರ್ತಿ ಅವನ ತಲೆಯ ಮೇಲೆ ಸುರಿದಳು. ಅಷ್ಟು ಸಾಲದೆಂದು ಖಾಲಿ ಬಾಟಲಿಯನ್ನೂ ಅವನ ಕಡೆ ಎಸೆದಳು. ಅದೇ ಹೊತ್ತಿಗೆ ರುಬೀನಾ ಮಿಸ್ ಬಂದರು. ಅವರಿಗೆ ಕಂಡದ್ದು ತೊಯ್ದು ನಿಂತ ಕುನಾಲ ಮಾತ್ರ.

"ಸಾರಿ ಅನ್ನು," ಎಂದರು ಮಿಸ್.

"ಅನ್ನಂಗಿಲ್ರಿ ಮಿಸ್."

"ಹಂಗಾದ್ರ ಹೊರಗ ನಿಂದರು."

ಅವಳು ನಿಂತಳು. ಒಳಗಿನಿಂದ ಕವಿತೆ ಕೇಳುತ್ತಿತ್ತು. ಎಲ್ಲರೂ ಒಟ್ಟಿಗೆ ಹೇಳುತ್ತಿದ್ದರು, ಅವಳೊಬ್ಬಳನ್ನು ಬಿಟ್ಟು. ಬಿಸಿಲು ಪಾದಕ್ಕೆ ಬಂತು, ಮೊಣಕಾಲಿಗೆ ಏರಿತು. ಕುನಾಲನ ಮೇಲೆ ಸಿಟ್ಟಿತ್ತು, ಸರಿ. ಆದರೆ ಕಣ್ಣು ಮುಚ್ಚಿದರೆ ಕಾಣುತ್ತಿದ್ದುದು ಅಪ್ಪನ ಬೆನ್ನು. ಅವಳು ಅಷ್ಟು ಜೋರಾಗಿ ಕೂಗಿದರೂ ಅವನು ತಿರುಗಿರಲಿಲ್ಲ.

ಮನೆಗೆ ಬಂದಾಗ ಅವ್ವ ಇರಲಿಲ್ಲ. ಪಕ್ಕದ ಮನೆಯ ಹಜಿರಾ ಬೀ ಜೊತೆ ಗಿರಣಿಗೆ ಹೋಗಿದ್ದಳು. ಟೀವಿಯ ಕೆಳಗೆ ಸರ್ವರ್ ಗುಂಯ್ ಎನ್ನುತ್ತಿತ್ತು. ಧೂಳು ಕೂರದಿರಲಿ ಎಂದು ಅಪ್ಪ ಅದಕ್ಕೆ ಹೂವಿನ ಬಟ್ಟೆ ಹೊದಿಸಿದ್ದ. ನೀಲಿ ದೀಪ ಮಿಣಮಿಣ ಮಾಡುತ್ತಿತ್ತು.

"ನಿನಗ ಬಟ್ಟಿ ಬ್ಯಾರೆ ಕೇಡು," ಎಂದಳು ಶೀತಲ್.

ವೈರ್ ಹಿಡಿದು ಜಗ್ಗಿದಳು. ದೀಪ ಆರಿತು. ಅಷ್ಟಕ್ಕೇ ಸಮಾಧಾನವಾಗಲಿಲ್ಲ. ಮತ್ತೆ ಚುಚ್ಚಿದಳು, ದೀಪ ಹತ್ತಿತು. ಮತ್ತೆ ಜಗ್ಗಿದಳು. ಹೀಗೆ ಚುಚ್ಚುವುದು, ಜಗ್ಗುವುದು. ಕೊನೆಯ ಸಲ ಚುಚ್ಚಿದಾಗ ಒಳಗಿನಿಂದ ಟಿಕ್ ಟಿಕ್ ಟಿಕ್ ಎಂಬ ಸದ್ದು ಬಂತು. ನೀಲಿ ದೀಪ ಹತ್ತಲೇ ಇಲ್ಲ.

ಅವಳಿಗೆ ಹೆದರಿಕೆಯಾಯಿತು. ಹೆದರಿದ್ದಕ್ಕೆ ಇನ್ನೂ ಸಿಟ್ಟು ಬಂತು.

ಸಂಜೆ ಅಪ್ಪ ಬಂದ. ಹೆಗಲ ಮೇಲಿನ ಬ್ಯಾಗ್ ಇನ್ನೂ ಇಳಿಸಿರಲಿಲ್ಲ, ಫೋನ್ ತೆಗೆದು ನೋಡಿದ. "ಯಾಕ ಓಪನ್ ಆಗವಲ್ದು?" ಎಂದು ಸರ್ವರಿನ ಮುಂದೆ ಮೊಣಕಾಲೂರಿ ಕುಳಿತ. ಟಿಕ್ ಟಿಕ್ ಕೇಳಿದೊಡನೆ ಅವನ ಮುಖದ ಬಣ್ಣ ಹೋಯಿತು.

"ಇದರ ವೈರ್ ಯಾರ್ ಕಿತ್ತಿದ್ರು?"

"ನಾನು," ಎಂದಳು ಶೀತಲ್.

ಅಪ್ಪ ಎದ್ದು ನಿಂತ. ಅವನು ಇಷ್ಟು ಜೋರಾಗಿ ಕೂಗಿದ್ದನ್ನು ಅವಳು ಎಂದೂ ಕೇಳಿರಲಿಲ್ಲ. "ಡಿಸ್ಕೇ ಹೋಗ್ಯಾದ! ಗೊತ್ತದೇನು ನಿನಗ? ಬಸ್ಸಿನ್ಯಾಗ ನಿಂತು ಬರದೀನಿ. ರಜಾ ಇದ್ದಾಗ ಊಟಾ ಬಿಟ್ಟು ಬರದೀನಿ. ಒಂದೊಂದು ಲೈನ್ ನಾನ ಬರದೀನಿ. ನಾ ನಿನಗ ಏನ್ ಮಾಡಿದ್ದೆ?"

"ಎಲ್ಲಾರ ಮುಂದ ನನ್ನ ಹೇನು ತೋರ್ಸಿದ್ರಿ!"

"ಹೇನಂದ್ರ ಏನ್ ದೊಡ್ಡ ಮಾತು? ಎಲ್ಲಾರಿಗೂ ಆಗ್ತಾವ."

"ಹಂಗಾದ್ರ ನಿಮ್ಮ ಹೆಸರ ಹಚ್ಚಬೇಕಿತ್ತು!" ಶೀತಲ್ ಬಿಡಲಿಲ್ಲ. "ಕಂಪನಿಗೆ ಗೊತ್ತಾಗಬಾರದು ಅಂತೀರಿ. ಕುನಾಲಗ ಗೊತ್ತಾದ್ರ ನಡೀತದೇನು? ಕಂಪನಿಯವರು ನಮ್ಮ ಕ್ಲಾಸಿಗೆ ಬಂದು ತಲಿ ಕೆರಕೊಳ್ತಾರೇನು? ಮಿಸ್ಬಾ ನನ್ನ ಹಂತ್ಯಾಕ ಕೂಡವಲ್ಲಳು. ಮಿಸ್ ಬಿಸಲಾಗ ನಿಂದರಿಸಿದ್ರು. ಎಲ್ಲಾ ನಿಮ್ಮ ಡಬ್ಬಿ ಸಲುವಾಗಿ!"

ಅಪ್ಪ ಬಾಯಿ ತೆರೆದ. ಅಷ್ಟರಲ್ಲಿ ಅಡುಗೆಮನೆಯ ಬಾಗಿಲಿನಿಂದ ಅವ್ವನ ದನಿ ಬಂತು. ಅವಳ ಎರಡೂ ಕೈಗೆ ಜೋಳದ ಹಿಟ್ಟು ಮೆತ್ತಿತ್ತು.

"ಅಕಿ ಕಿತ್ತಾಳ. ನನಗ ಅಷ್ಟು ಧೈರ್ಯ ಇದ್ದಿಲ್ಲ, ಅದಕ್ಕ ನಾ ಕೀಳಲಿಲ್ಲ."

"ಏನಂದಿ ಜಗದೇವಿ?"

"ಸಂತಿಗೆ ಹೋದಾಗ ಹಜಿರಾ ಬೀ ಜೋಡಿ ಬಿಸಿ ಭಜಿ ತಿಂದು ಬರ್ತಿದ್ದೆ. ಅದೂ ಬಂತು ನಿಮ್ಮ ಟೀವಿ ಮ್ಯಾಲ. 'ನಮ್ಮಕಿ ಭಜಿ ಭಾಳ ಆಗ್ಯಾವು' ಅಂತ ನಿಮ್ಮ ತಮ್ಮನ ಮುಂದ ನಕ್ಕಿರಿ. ಅವತ್ತಿನಿಂದ ಬಿಟ್ಟೀನಿ."

"ಏ, ಅದು ಚಾಷ್ಟಿಗೆ ಅಂದಿದ್ದೆ."

"ನಿಮಗ ಚಾಷ್ಟಿ."

ಅವ್ವ ಒಳಗೆ ಹೋದಳು. ರೊಟ್ಟಿ ಬಡಿಯುವ ಸದ್ದು ಕೇಳಿಸತೊಡಗಿತು. ಅವ್ವನಿಗೆ ಸಿಟ್ಟೇ ಬರುವುದಿಲ್ಲ ಎಂದುಕೊಂಡಿದ್ದಳು ಶೀತಲ್. ಇವತ್ತು ಆ ಸದ್ದನ್ನು ಕಿವಿಗೊಟ್ಟು ಕೇಳಿದಳು. ದಪ್ ದಪ್ ದಪ್. ಹಜಿರಾ ಬೀ ಮನೆಗೂ ಕೇಳಿಸುವ ಹಾಗೆ.

ಅಪ್ಪ ಸರ್ವರಿನ ಮೇಲಿನ ಹೂವಿನ ಬಟ್ಟೆಯನ್ನು ತೆಗೆದು ಮಡಿಚತೊಡಗಿದ.

ಶನಿವಾರ ಅರ್ಧ ದಿನ ಶಾಲೆ. ಅಪ್ಪ ರಜೆ ಹಾಕಿ ಗೇಟಿನ ಹತ್ತಿರ ನಿಂತಿದ್ದ. "ಹುಮನಾಬಾದಿಗೆ ಹೋಗಾಕತ್ತೇನಿ, ಡಿಸ್ಕ್ ತರಾಕ. ಬರ್ತಿಯೇನು?" ಎಂದ. ಶೀತಲ್ ಬಸ್ಸು ಹತ್ತಿ ಕಿಟಕಿಯ ಪಕ್ಕ ಕುಳಿತಳು.

ಬಸ್ಸು ಅರ್ಧ ದಾರಿ ದಾಟಿತು.

"ಪೆನ್‌ಡ್ರೈವಿನ್ಯಾಗ ಸ್ವಲ್ಪ ಉಳದದ," ಎಂದ ಅಪ್ಪ ಕೊನೆಗೆ. "ಉಳಕಿದ್ದು ಮತ್ತ ಬರೀತೀನಿ. ಈ ಸಲ ಒಬ್ಬೊಬ್ಬರಿಗೆ ಒಂದೊಂದು ಪಾಸ್‌ವರ್ಡ್. ನಿಂದು ನಿನಗ ಅಷ್ಟ ಕಾಣ್ತದ. ಅವ್ವಂದು ಅವ್ವಗ ಅಷ್ಟ."

"ನಿಮಗ?"

"ನನಗ ಒಟ್ಟು ಎಷ್ಟಾತು ಅಂತ ಅಷ್ಟ ಗೊತ್ತಾಗ್ತದ. ಏನ್ ತಂದ್ರಿ ಅಂತ ಗೊತ್ತಾಗಂಗಿಲ್ಲ."

"ಟೀವಿಗೆ?"

"ಹಚ್ಚಂಗಿಲ್ಲ." ಅಪ್ಪ ಮುಂದಿನ ಸೀಟಿನ ಕಂಬಿ ನೋಡುತ್ತ "ತಪ್ಪಾತು ಶೀತಲ್," ಎಂದ.

ಕಂಬಿಗೆ ಯಾಕೆ ಹೇಳುತ್ತಾನೆ, ನನ್ನ ಮುಖ ನೋಡಿ ಹೇಳಬಾರದೇ ಎನಿಸಿತು ಅವಳಿಗೆ. ಅವಳೂ ಕಿಟಕಿಯ ಕಡೆ ಮುಖ ಮಾಡಿ "ಡಿಸ್ಕ್ ಹಾಳಾಗ್ತದಂತ ನನಗ ಗೊತ್ತಿದ್ದಿಲ್ಲ," ಎಂದಳು.

ಹುಮನಾಬಾದಿನಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಒಂದು ಔಷಧಿ ಅಂಗಡಿಯ ಪಕ್ಕಕ್ಕಿತ್ತು. ಅಪ್ಪ ಒಳಗೆ ಹಳೆಯ ಡಿಸ್ಕುಗಳನ್ನು ಒಂದೊಂದಾಗಿ ನೋಡುತ್ತಿದ್ದ. ಶೀತಲ್ ಮೆಟ್ಟಿಲ ಮೇಲೆ ನಿಂತಿದ್ದಳು. ಆಗ ಔಷಧಿ ಅಂಗಡಿಯ ಮುಂದೆ ಗೊತ್ತಿದ್ದ ದನಿ ಕೇಳಿಸಿತು. ಕುನಾಲನ ಅವ್ವ. ಅವಳ ಹಿಂದೆ ಕುನಾಲ.

"ಹಾಸಿಗಿ ಮ್ಯಾಲ ಹಾಸೋ ರಬ್ಬರ್ ಶೀಟ್ ಅದ ಏನ್ರಿ?"

"ಅದ ರೀ. ಎಷ್ಟು ತಿಂಗಳಿನ ಕೂಸು?" ಅಂಗಡಿಯವನು ದಾರಿಯಲ್ಲಿ ಹೋಗುವವರಿಗೂ ಕೇಳುವಷ್ಟು ಜೋರಾಗಿ ಕೇಳಿದ.

ಕುನಾಲನ ಅವ್ವ ದನಿ ಇಳಿಸಿದಳು. "ಕೂಸಿಗಲ್ರಿ. ದೊಡ್ಡದು ಕೊಡ್ರಿ."

ಅಂಗಡಿಯವನು ಕುನಾಲನನ್ನು ನೋಡಿದ. ಕುನಾಲ ನೆಲ ನೋಡಿದ. ಆಮೇಲೆ ತಲೆ ಎತ್ತಿದಾಗ ಅವನ ಕಣ್ಣಿಗೆ ಬಿದ್ದದ್ದು ಮೆಟ್ಟಿಲ ಮೇಲಿದ್ದ ಶೀತಲ್.

ಕುನಾಲ ಇನ್ನೂ ಹಾಸಿಗೆ ಒದ್ದೆ ಮಾಡಿಕೊಳ್ಳುತ್ತಾನೆ! ಅದಕ್ಕೇ ಊರಿನ ಅಂಗಡಿ ಬಿಟ್ಟು ಇಷ್ಟು ದೂರ ಬಂದಿದ್ದಾರೆ.

ಅವಳಿಗೆ ಕುಣಿಯಬೇಕೆನಿಸಿತು. ಬಸ್ಸಿನಲ್ಲಿ ಬರುವಾಗ ಪೂರಾ ದಾರಿ ಆ ಮಾತನ್ನು ಪೆಪ್ಪರಮೆಂಟಿನ ಹಾಗೆ ಬಾಯೊಳಗೆ ಹೊರಳಿಸಿದಳು. ಎಲ್ಲರೂ ಕೂತ ಮೇಲೆ ಹೇಳಬೇಕು. ಇಲ್ಲ, ನಲ್ಲಿಯ ಹತ್ತಿರ ಹೇಳಬೇಕು, ಕೈಮುಗಿದು. ಭಾನುವಾರವೂ ಅದನ್ನೇ ನೆನೆದು ಒಬ್ಬಳೇ ನಕ್ಕಳು.

ಸೋಮವಾರ ಕುನಾಲ ಎಲ್ಲರಿಗಿಂತ ಮೊದಲು ಬಂದು ಅವಳ ಮುಂದಿನ ಬೆಂಚಿನಲ್ಲಿ ಕುಳಿತಿದ್ದ. ಹಿಂದಿನಿಂದ ಯಾರೋ ಕರಕರ ತಲೆ ಕೆರೆದುಕೊಂಡರು. ಅವನು ನಗಲಿಲ್ಲ. ಪುಸ್ತಕ ತೆರೆದಿತ್ತು, ಪುಟ ತಿರುಗುತ್ತಿರಲಿಲ್ಲ. ಅವನ ಕುತ್ತಿಗೆ ಬೆವೆತಿತ್ತು.

ಮಿಸ್ಬಾ ಬ್ಯಾಗನ್ನು ನಡುವಿನಲ್ಲೇ ಇಟ್ಟಿದ್ದಳು. ಆದರೆ ಇವತ್ತು ಅದರ ಮೇಲಿಂದ ಬಾಗಿ ಕೇಳಿದಳು, "ಶನಿವಾರ ಹುಮನಾಬಾದಿಗೆ ಹೋಗಿದ್ದೆಂತಲ್ಲ. ಅಲ್ಲಿ ಯಾರರ ಸಿಕ್ಕಿದ್ರೇನು?"

ಕುನಾಲನ ಬೆನ್ನು ಸೆಟೆದು ನಿಂತಿತು. ಶೀತಲಳ ನಾಲಿಗೆಯ ತುದಿಯಲ್ಲಿ ಮಾತು ಸಿದ್ಧವಾಗಿತ್ತು. ಅವಳು ಆ ಬೆವೆತ ಕುತ್ತಿಗೆಯನ್ನೇ ನೋಡಿದಳು. ಮಾತು ಯಾಕೋ ರುಚಿ ಕೆಟ್ಟಿತು.

"ಯಾರೂ ಸಿಗಲಿಲ್ಲ," ಎಂದಳು. "ಡಿಸ್ಕ್ ತಂದ್ವಿ, ಅಷ್ಟ."

ಕುನಾಲನ ಹೆಗಲು ಮೆಲ್ಲಗೆ ಇಳಿಯಿತು. ಅವನು ತಿರುಗಿ ನೋಡಲಿಲ್ಲ. ನೋಡಿದ್ದರೂ ಅವಳು ನಗುತ್ತಿರಲಿಲ್ಲ. ಅವನ ಮೇಲಿನ ಸಿಟ್ಟು ಇನ್ನೂ ಹಾಗೆಯೇ ಇತ್ತು. ಸಿಟ್ಟು ಅವಳದು. ಆ ಮಾತು ಮಾತ್ರ ಅವನದು.

ಶೀತಲ್ ಪೆನ್ಸಿಲ್ ತೆಗೆದು ತಾರೀಖು ಬರೆಯತೊಡಗಿದಳು.