ಕಪ್ಪು ಕಾರಿನ ಗೀರು

"ಅಕ್ಕಾ, ಆ ಗಾಡಿ ನಾನು ಗೀರಿಲ್ಲ. ನೀವಾದ್ರೂ ನಂಬ್ತೀರಾ?"

ಸೋಮವಾರ ಮಧ್ಯಾಹ್ನ ನಮ್ಮ ಹೊಲಿಗೆ ಅಂಗಡಿಯ ಬಾಗಿಲಲ್ಲಿ ನಿಂತು ಅಬ್ರಾರ್ ಹೀಗೆ ಕೇಳಿದಾಗ ಅವನ ಪ್ಯಾಂಟು ಮೊಣಕಾಲಿನವರೆಗೂ ಒದ್ದೆಯಾಗಿತ್ತು. ಅಜೀಜುನ್ನೀಸಾ ಮಿಷನ್ ನಿಲ್ಲಿಸಿದರು. ಹುಣಸೂರಿನಲ್ಲಿ ಏನೇ ಕಳೆಯಲಿ, ಯಾರ ಮೇಲೆ ಅಪವಾದ ಬರಲಿ, ಜನ ಮೊದಲು ಬರುವುದು ಇವರ ಹತ್ತಿರ, ಠಾಣೆ ಆಮೇಲೆ. ನಾನು ಭಾಗ್ಯ, ಹದಿನಾಲ್ಕು ವರ್ಷದಿಂದ ಅವರ ಅಂಗಡಿಯಲ್ಲಿ ಕಾಜಾ ಗುಂಡಿ ಹಾಕುವವಳು. ಅಜೀಜಕ್ಕ ಬಿಡಿಸಿದ ಒಗಟುಗಳನ್ನೆಲ್ಲ ಹತ್ತಿರದಿಂದ ನೋಡಿದ್ದೇನೆ. ಇದರಷ್ಟು ನನ್ನ ಹೊಟ್ಟೆ ಉರಿಸಿದ್ದು ಇನ್ನೊಂದಿಲ್ಲ.

ಅಬ್ರಾರ್ ಬೈಪಾಸ್ ರಸ್ತೆಯ ಸಲೀಂನ ವಾಟರ್ ಸರ್ವಿಸ್‌ನಲ್ಲಿ ಒಂಬತ್ತು ವರ್ಷದಿಂದ ಕಾರು ತೊಳೆಯುತ್ತಿದ್ದ. ಆ ಬೆಳಿಗ್ಗೆ ಕಟ್ಟೆಮಳಲವಾಡಿಯ ಮಹದೇವಪ್ಪನವರ ಹೊಸ ಕಪ್ಪು ಕಾರು ಬಂದಿತ್ತು. ತಂದವನು ಅವರ ಮಗ ಕುಮಾರ್, ಸಲೀಂನ ಬಾಲ್ಯದ ಗೆಳೆಯ. ತೊಳೆದು, ಒರೆಸಿ, ಬಿಸಿಲಿಗೆ ತಂದು ನಿಲ್ಲಿಸಿದರೆ ಕಾರಿನ ಮೈಯೆಲ್ಲ ಕೂದಲೆಳೆಯಂಥ ಗೀರು. ಅಬ್ರಾರ್ ಮಣ್ಣಾದ ಬಟ್ಟೆಯಲ್ಲಿ ಉಜ್ಜಿದ್ದಾನೆ ಎಂದು ಕುಮಾರ್ ಹೇಳಿದ. ಸಲೀಂ ಎರಡನೇ ಮಾತು ಕೇಳದೆ ಅಬ್ರಾರ್‌ನನ್ನು ಹೊರಗೆ ಹಾಕಿದ. ಈ ಸುದ್ದಿ ಹರಡಿದರೆ ಇನ್ನು ಈ ಊರಲ್ಲಿ ಯಾರೂ ಅವನ ಕೈಗೆ ಗಾಡಿ ಕೊಡುವುದಿಲ್ಲ. ಬೇರೆ ಕಸುಬು ಅವನಿಗೆ ಗೊತ್ತಿಲ್ಲ.

"ತೊಳೆದ ಮೇಲೆ ಹೆಂಗೆ ಒರೆಸ್ತೀಯ? ಇದ್ದದ್ದು ಇದ್ದಂಗೆ ಹೇಳು," ಎಂದರು ಅಜೀಜಕ್ಕ.

"ಮೊದ್ಲು ನೆರಳಿಗೆ ತರ್ತೀನಿ. ಪೈಪಿನ ಮೂತಿ ಬಿಚ್ಚಿ ನಿಧಾನಕ್ಕೆ ನೀರು ಬುಡ್ತೀನಿ, ಮುಕ್ಕಾಲು ನೀರು ತಾನೇ ಜಾರೋಯ್ತದೆ. ಆಮೇಲೆ ಟವೆಲ್ ಅಗಲವಾಗಿ ಹಾಸಿ, ಎರಡು ಮೂಲೆ ಹಿಡ್ದು ನನ್ನ ಕಡೆಗೆ ನೇರ ಎಳೀತೀನಿ. ಒತ್ತಲ್ಲ, ಉಜ್ಜಲ್ಲ. ನೆಲಕ್ಕೆ ಬಿದ್ದ ಟವೆಲ್ ಮತ್ತೆ ಮುಟ್ಟಲ್ಲ. ಚಕ್ರಕ್ಕೆ ಬಟ್ಟೇನೇ ಬೇರೆ."

"ಇವತ್ತು ತೊಳೆಯುವಾಗ ಏನಾದ್ರೂ ಬೇರೆ ಥರ ಅನ್ನಿಸ್ತಾ?"

"ಶಾಂಪೂ ನೊರೇನೇ ಏಳ್ಲಿಲ್ಲ ಅಕ್ಕ. ಎರಡು ಸಲ ಹಾಕ್ಬೇಕಾಯ್ತು."

ಅಜೀಜಕ್ಕ ಕತ್ತರಿ ಕೆಳಗಿಟ್ಟು ಎದ್ದರು.

ವಾಟರ್ ಸರ್ವಿಸ್‌ನಲ್ಲಿ ಸಲೀಂ ನಮ್ಮನ್ನು ಕಂಡು ಮುಖ ಗಂಟಿಕ್ಕಿದ. ಕಾರು ಅಲ್ಲೇ ನಿಂತಿತ್ತು. ಅಜೀಜಕ್ಕ ಸೆರಗಿನಿಂದ ಕನ್ನಡಕ ಒರೆಸಿಕೊಂಡು ಕಾರಿನ ಸುತ್ತ ಎರಡು ಸುತ್ತು ಬಂದರು. ಗೀರುಗಳು ಗುಂಡಗೆ, ಸುತ್ತಿ ಸುತ್ತಿ ಬಿದ್ದಿದ್ದವು. ಅವರು ಬಾಗಿಲ ಹಿಡಿಕೆಯ ಸಂದಿಗೆ ಬೆರಳು ಹಾಕಿ ಮೂಸಿ, ನನ್ನ ಮೂಗಿಗೂ ಹಿಡಿದರು. ತಲೆಗೆ ಹಚ್ಚುವ ಕೊಬ್ಬರಿ ಎಣ್ಣೆಯ ವಾಸನೆ. ಡಿಕ್ಕಿಯ ಮೇಲೆ ಬಂಗಾರದ ಬಣ್ಣದ ಸ್ಟಿಕ್ಕರ್‌ನಲ್ಲಿ 'ಬೀರಮ್ಮ' ಎಂದು ಮಹದೇವಪ್ಪನವರ ತಾಯಿಯ ಹೆಸರಿತ್ತು. ಅದರ ಒಂದು ಮೂಲೆ ಆಗಲೇ ಮೇಲೆದ್ದಿತ್ತು.

"ಈ ಗಾಡಿ ಎಲ್ಲೆಲ್ಲಿ ಓಡಿದೆ?" ಎಂದು ಕೇಳಿದರು.

"ಎಲ್ಲೂ ಇಲ್ಲ. ಶುಕ್ರವಾರ ಮನೆಗೆ ಬಂತು. ಪೂಜೆ ಆಗೋಗಂಟ ಆಚೆಗೆ ತೆಗೀಬಾರ್ದು ಅಂತ ಅವ್ರಪ್ಪ ಕಟ್ಟಪ್ಪಣೆ ಮಾಡಿದ್ರು. ನಿನ್ನೆ ಪೂಜೆ ಮಾಡ್ಸಿ, ಕಂಪಲಾಪುರದಲ್ಲಿ ಹೆಸರು ಅಂಟ್ಸಿದ್ರು," ಎಂದ ಸಲೀಂ.

"ಅಪ್ಪ ಮಗ ಇಬ್ರನ್ನೂ ಕರೆಸು. ಒಂದು ಹಳೇ ಸಿ.ಡಿ. ಇದ್ರೆ ಹುಡುಕಿಡು."

ನಾಲ್ಕು ಗಂಟೆಗೆ ಮಹದೇವಪ್ಪ ಮತ್ತು ಕುಮಾರ್ ಬಂದರು. ಅಬ್ರಾರ್ ಗೇಟಿನ ಹತ್ತಿರವೇ ನಿಂತ. ಒಳಗೆ ಬಾ ಎಂದು ಯಾರೂ ಕರೆಯಲಿಲ್ಲ.

ಅಜೀಜಕ್ಕ ಅಬ್ರಾರ್‌ನ ಟವೆಲ್‌ನಿಂದ ಸಿ.ಡಿ.ಯ ಹೊಳೆಯುವ ಮೈಯನ್ನು ಗಟ್ಟಿಯಾಗಿ ಉಜ್ಜಿ ತೋರಿಸಿದರು. ಒಂದು ಗೆರೆಯೂ ಬೀಳಲಿಲ್ಲ. ಆಮೇಲೆ ಡಿಕ್ಕಿ ತೆರೆಸಿ, ಮೂಲೆಯಲ್ಲಿ ತುರುಕಿದ್ದ ಹಳದಿ ಬಟ್ಟೆ ಎಳೆದರು. ಕೆಮ್ಮಣ್ಣು ಹಿಡಿದು ಬಿರುಸಾಗಿತ್ತು. ಅದರಿಂದ ಒಂದು ಸಲ ಸುತ್ತಿಸಿ ಉಜ್ಜಿದ್ದಕ್ಕೇ ಸಿ.ಡಿ. ತುಂಬ ಗುಂಡಗಿನ ಗೀರು.

"ಅದು ಚಕ್ರ ಒರ್ಸೋ ಬಟ್ಟೆ ಕಣ್ರೀ," ಎಂದ ಕುಮಾರ್.

"ಇರಬಹುದು. ಆದ್ರೆ ಅಬ್ರಾರ್ ಟವೆಲ್ ನೇರ ಎಳೀತಾನೆ, ಗೀರು ಗುಂಡಗಿವೆ. ಮೊದಲ ಸಲ ನೊರೆ ಏಳಲಿಲ್ಲ, ಯಾಕಂದ್ರೆ ಮೈಮೇಲೆ ಎಣ್ಣೆ ಇತ್ತು. ಎಣ್ಣೆ ಹಚ್ಚಿದ್ರೆ ಸಣ್ಣ ಗೀರು ಕಣ್ಣಿಗೆ ಕಾಣಲ್ಲ. ಅದೇ ಎಣ್ಣೆ ಅಡಿಯಲ್ಲಿ ಉಳಿದು ಸ್ಟಿಕ್ಕರ್ ಏಳ್ತಾ ಇದೆ. ಸ್ಟಿಕ್ಕರ್ ಅಂಟಿಸಿದ್ದು ನಿನ್ನೆ, ಅಬ್ರಾರ್ ಗಾಡಿ ಮುಟ್ಟಿದ್ದು ಇವತ್ತು. ಅದರ ಅಡಿಯಲ್ಲೂ ಗೀರಿದ್ರೆ ಅವನು ಹಾಕಿದ್ದಲ್ಲ. ಕೀಳಲಾ, ಮಹದೇವಪ್ಪನವರೇ?"

"ಅಜ್ಜಿ ಹೆಸರು ಕೀಳ್ತೀರಾ? ಅಪ್ಪಾ, ಬ್ಯಾಡ ಅನ್ನಪ್ಪ!" ಕುಮಾರ್ ಡಿಕ್ಕಿಗೆ ಅಡ್ಡ ಬಂದ.

ಮಹದೇವಪ್ಪ ಮಗನನ್ನು ಪಕ್ಕಕ್ಕೆ ಸರಿಸಿದರು. ಆಮೇಲೆ ತಾವೇ ಬಗ್ಗಿ, ತಮ್ಮ ತಾಯಿಯ ಹೆಸರನ್ನು ಉಗುರಿನಿಂದ ಮೆಲ್ಲಗೆ ಎಬ್ಬಿಸಿದರು. ಅಡಿಯಲ್ಲಿ ಅವೇ ಗುಂಡಗಿನ ಗೀರುಗಳಿದ್ದವು.

ಕುಮಾರ್ ಬಾಯಿ ಬಿಟ್ಟ. ಶನಿವಾರ ಅಪ್ಪ ಸಂತೆಗೆ ಹೋದಾಗ ಕದ್ದು ಕಾಕನಕೋಟೆ ಕಾಡಿನ ಕಡೆಗೆ ಮಣ್ಣು ರಸ್ತೆಯಲ್ಲಿ ಕಾರು ಓಡಿಸಿದ್ದ. ಪೂಜೆಗೆ ಮೊದಲೇ ಗಾಡಿ ಹೊರಗೆ ತೆಗೆದದ್ದು ತಿಳಿಯಬಾರದೆಂದು, ನೀರು ಮುಟ್ಟಿಸದೆ ಒಣ ಬಟ್ಟೆಯಲ್ಲೇ ಧೂಳು ಉಜ್ಜಿದ್ದ. ಗೀರು ಬಿದ್ದದ್ದು ಕಂಡು ಎಣ್ಣೆ ಸವರಿದ್ದ. ಎಣ್ಣೆ ಎಷ್ಟು ದಿನ ನಿಲ್ಲುತ್ತದೆ? ಗೀರಿನ ತಪ್ಪು ತೊಳೆದವರ ಮೇಲೆ ಬೀಳುವಂತೆ ಅದನ್ನು ಬೇರೆಯವರ ಕೈಯಲ್ಲಿ ತೊಳೆಸಬೇಕಿತ್ತು.

"ನನ್ ಅಂಗ್ಡೀನೇ ಬೇಕಿತ್ತೇನ್ಲಾ ನಿಂಗೆ?" ಎಂದ ಸಲೀಂ. "ಒಂದೇ ತಟ್ಟೇಲಿ ಉಂಡಿದ್ವಲ್ಲೋ!"

"ನಿನ್ ಮ್ಯಾಲೆ ಹಾಕ್ಲಿಲ್ಲ ಕಣ್ಲಾ," ಎಂದ ಕುಮಾರ್, ದೊಡ್ಡ ಉಪಕಾರ ಮಾಡಿದವನ ಹಾಗೆ. "ಅವನ್ ಮ್ಯಾಲೆ ತಾನೇ ಹಾಕಿದ್ದು."

ಮಹದೇವಪ್ಪ ಕಾರಿನ ಕೀಲಿ ಕಿತ್ತುಕೊಂಡು, ಮಗನನ್ನು ಅಲ್ಲೇ ಬಿಟ್ಟು ಹೊರಟುಹೋದರು. ಅವನು ಬಸ್ ಸ್ಟ್ಯಾಂಡಿನ ಕಡೆಗೆ ನಡೆದ. ಸಲೀಂ ಗೇಟಿನ ಹತ್ತಿರ ಹೋಗಿ ಅಬ್ರಾರ್‌ನ ಕೈ ಹಿಡಿದುಕೊಂಡ.

"ತಪ್ಪಾಯ್ತು. ನಾಳೆಯಿಂದ ಬಾರೋ."

ಅಬ್ರಾರ್ ಸಿಟ್ಟು ಮಾಡಲಿಲ್ಲ. ಕೈಯನ್ನು ಮೆಲ್ಲಗೆ ಬಿಡಿಸಿಕೊಂಡ.

"ಕುಮಾರಣ್ಣಂಗೆ ನಾನು ಯಾರೂ ಅಲ್ಲ, ಬುಡಿ. ಅವ್ರ ಮೇಲೆ ನಂಗೆ ಬೇಜಾರಿಲ್ಲ. ಒಂಬತ್ತು ವರ್ಷ ನನ್ನ ಪಕ್ಕದಲ್ಲೇ ನಿಂತು ನಾನು ಒರೆಸೋದು ನೋಡಿದ್ರಲ್ಲ, ಸಲೀಂ ಭಾಯ್, ನೀವು ಯಾಕೆ ಒಂದು ಮಾತು ನನ್ನ ಕೇಳ್ಲಿಲ್ಲ?"

ಸಲೀಂ ಅವನ ಟವೆಲ್ ತಂದು ಮುಂದೆ ಚಾಚಿದ. ಅಬ್ರಾರ್ ಅದನ್ನು ಮುಟ್ಟದೆ, ಅಜೀಜಕ್ಕನಿಗೆ ಸಲಾಂ ಹೇಳಿ, ರಸ್ತೆ ದಾಟಿ ಹೋದ.