ಅಪ್ಪನ ಹೆಸರು ಕೇಳದ ಕಚೇರಿ

ದೀಪಶ್ರೀ ಹೆಲ್ಮೆಟ್ ತೆಗೆಯದೆಯೇ ಮೆಟ್ಟಿಲು ಹತ್ತಿದಳು. ಕೊಳ್ಳೇಗಾಲದಲ್ಲಿ ಪಕ್ಷದ ಕಚೇರಿ ಇದ್ದದ್ದು ರಸಗೊಬ್ಬರದ ಅಂಗಡಿಯೊಂದರ ಮೇಲೆ. ಆ ಅಂಗಡಿಗೆ ಅವಳ ಊರು ಮಧುವನಹಳ್ಳಿಯಿಂದ ದಿನವೂ ಯಾರಾದರೂ ಬರುತ್ತಿದ್ದರು. ಬಂದವರೆಲ್ಲ ಅವಳ ಅಪ್ಪನಿಗೆ ಗೊತ್ತಿದ್ದವರೇ.

ಒಳಗೆ ಚಿನ್ನಸ್ವಾಮಿ ಒಬ್ಬನೇ ಕುರ್ಚಿ ಜೋಡಿಸುತ್ತಿದ್ದ. ಧನಗೆರೆಯವನು, ಶಾಖೆಯ ಕಾರ್ಯದರ್ಶಿ.

"ಇಲ್ಲಿ ಯಾರೂ ಕಲ್ಲು ಎಸೆಯಕಿಲ್ಲ ಕಣ್ರಿ. ತಲೆ ಮೇಲಿರೋದ್ನ ತಗೀರಿ."

"ಇನ್ನೊಂಚೂರು ಹೊತ್ತು ಇರ್ಲಿ."

"ಮುಖ ನೋಡ್ದೆ ಸದಸ್ಯತ್ವ ಕೊಟ್ಟ ಅಂತ ಜಿಲ್ಲಾ ಸಮಿತಿಯೋರು ನನ್ನ ಬಯ್ತಾರೆ."

ಅವಳು ಹೆಲ್ಮೆಟ್ಟಿನ ಗಾಜನ್ನಷ್ಟೇ ಮೇಲೆತ್ತಿದಳು. ಅವನು ಬಗ್ಗಿ ನೋಡಿದ, ಬೇಕಾದ್ದಕ್ಕಿಂತ ತುಸು ಹೆಚ್ಚು ಹೊತ್ತು. ಬರೀ ಕಣ್ಣು ಕಾಣುವಾಗ ಮುಚ್ಚಿಡಲು ಏನೂ ಉಳಿಯುವುದಿಲ್ಲ ಎಂದು ಅವಳಿಗೆ ತಡವಾಗಿ ಹೊಳೆಯಿತು.

"ಗುರ್ತು ಸಿಕ್ತು," ಎಂದ.

ಯಳಂದೂರಿನ ಕಾಲೇಜಿನಲ್ಲಿ ಅವಳು ಅತಿಥಿ ಉಪನ್ಯಾಸಕಿ. ಅತಿಥಿ ಉಪನ್ಯಾಸಕರು ಧರಣಿ ಕೂತಾಗ ಬೆಂಬಲ ಹೇಳಲು ಬಂದಿದ್ದ ಚಿನ್ನಸ್ವಾಮಿ, ಭಾಷಣಕ್ಕಿಂತ ಹೆಚ್ಚು ಹೊತ್ತು ಟೀ ಹಂಚಿದ್ದ. ಆಮೇಲೆ ಅವಳೇ ಸದಸ್ಯತ್ವ ಕೇಳಿದ್ದಳು. ಶಾಖೆಯಲ್ಲೊಂದು ಪದ್ಧತಿಯಿತ್ತು: ಹೊಸಬರನ್ನು ಅಪ್ಪ ಯಾರು, ಯಾವ ಜನ ಎಂದು ಕೇಳುವಂತಿಲ್ಲ. ಅವನು ಕೇಳಿರಲಿಲ್ಲ. ಕೇಳದೆಯೇ ಅವಳ ಹೆಸರನ್ನು ಸೂಚಿಸಿದ್ದ.

ಅವಳು ಹೆಲ್ಮೆಟ್ ತೆಗೆದು ಕೂದಲು ಸರಿಮಾಡಿಕೊಳ್ಳುತ್ತಿದ್ದಾಗ ಒಬ್ಬ ಹೆಂಗಸು ಮೆಟ್ಟಿಲು ಹತ್ತಿ ಬಂದು ಬಾಗಿಲಲ್ಲೇ ನಿಂತುಬಿಟ್ಟಳು. ಶಿವಮ್ಮ. ದೀಪಶ್ರೀಯ ಅಪ್ಪ ಗುರುಪಾದಸ್ವಾಮಿಯವರ ಅರಿಶಿನದ ಹೊಲದಲ್ಲಿ ಕೂಲಿ ಮಾಡುವವಳು.

ಶಿವಮ್ಮ ಸೆರಗನ್ನು ಮುಖಕ್ಕೆ ಎಳೆದುಕೊಂಡಳು. ದೀಪಶ್ರೀ ಹೆಲ್ಮೆಟ್ ಹಾಕಿಕೊಂಡಳು.

"ಅಕ್ಕ, ಏನಾಯ್ತು?" ಎಂದ ಚಿನ್ನಸ್ವಾಮಿ. ಶಿವಮ್ಮ ಅವನ ಒಡಹುಟ್ಟಿದ ಅಕ್ಕ ಎಂದು ದೀಪಶ್ರೀಗೆ ಆಗಲೇ ತಿಳಿದದ್ದು.

"ಇವ್ರು ನಮ್ ಗುರುಪಾದಸ್ವಾಮೇರ ಮಗ್ಳು ಕಣ್ಲಾ. ಕೂಲಿ ಜಾಸ್ತಿ ಮಾಡಿ ಅಂತ ಯಾರ್ ಯಾರು ಸೇರ್ತಾವ್ರೆ ನೋಡ್ಕಂಡು ಬಾ ಅಂತ ಕಳ್ಸವ್ರೆ. ನನ್ ಕೆಲ್ಸ ಓಯ್ತು."

"ನನ್ನ ಯಾರೂ ಕಳಿಸಿಲ್ಲ," ಎಂದಳು ದೀಪಶ್ರೀ. "ನೀವೇ ಹೋಗಿ ಅಪ್ಪಂಗೆ ಹೇಳ್ತೀರಿ ಅಂತ ನಂಗೇ ಭಯ."

"ನಾನ್ಯಾಕವ್ವ ಏಳ್ಲಿ? ನೀನೆಲ್ಲಿ ನೋಡ್ದೆ ಅಂತ ಕೇಳಕಿಲ್ವಾ ಅವ್ರು?"

ಯಾರೂ ನಗಲಿಲ್ಲ. ಶಿವಮ್ಮ ಗೋಡೆಗೊರಗಿ ಕೂತಳು. ಚಿನ್ನಸ್ವಾಮಿ ದೀಪಶ್ರೀಯತ್ತ ತಿರುಗಿದ.

"ಯಾರ ಮಗ್ಳು ಅಂತ ಯಾಕ್ರೀ ಏಳ್ಲಿಲ್ಲ?"

"ನೀವು ಕೇಳ್ಲಿಲ್ಲ."

"ಕೇಳೋ ಅಂಗಿಲ್ಲ, ಅದ್ಕೆ. ಆದ್ರೂ ಸುಮಾರು ಸಲ ಬಾಯಿ ತಂಕ ಬಂದಿತ್ತು." ಅವನು ದನಿ ತಗ್ಗಿಸಿದ. "ಪಕ್ಷಕ್ಕೋಸ್ಕರ ಅಲ್ಲ."

ಅವಳ ಕಿವಿ ಬಿಸಿಯಾಯಿತು. ಯಾರು ಯಾವ ಜನ ಎಂದು ಇಬ್ಬರಿಗೂ ಈಗ ಗೊತ್ತಾಗಿತ್ತು. ಜಾತಿ ದಾಟಿದ ಇಂಥ ಜೋಡಿಗಳಿಗೆ ಏನೇನು ಆಗಿದೆ ಎಂಬುದನ್ನು ಅವಳು ಪತ್ರಿಕೆಗಳಲ್ಲಿ ಓದಿದ್ದಳು.

ಸೋಮವಾರ ತಾಲೂಕು ಕಚೇರಿಯ ಮುಂದೆ ಕೂಲಿ ಹೆಚ್ಚಳಕ್ಕಾಗಿ ಧರಣಿ. ಬರಲೇಬೇಕೆಂದು ಯಾರೂ ಹೇಳಿರಲಿಲ್ಲ. ಅವಳು ಬಂದಳು. ಬ್ಯಾನರಿನ ಒಂದು ಕೋಲು ಶಿವಮ್ಮನ ಕೈಯಲ್ಲಿತ್ತು, ಇನ್ನೊಂದನ್ನು ದೀಪಶ್ರೀ ಹಿಡಿದಳು.

ಚಿನ್ನಸ್ವಾಮಿ ಪಕ್ಕಕ್ಕೆ ಬಂದ. "ಇಂದಕ್ಕೆ ನಿಂತ್ಕಳಿ. ಪೇಪರಿನೋರು ಫೋಟೊ ತಗೀತಾವ್ರೆ."

"ಅಕ್ಕ ಮುಂದೆ ನಿಂತವ್ರಲ್ಲ."

"ಅಕ್ಕನ ಮನೇಲಿ ಅಕ್ಕನ್ನ ಕೂಡಾಕಕಿಲ್ಲ. ನಿಮ್ಮನ್ನ ಕೂಡಾಕುದ್ರೆ ಶಾಖೆಗೆ ಒಬ್ಬ ಮೆಂಬರ್ ಕಮ್ಮಿ, ಅಷ್ಟೆ. ನನ್ಗೆ..." ಅವನು ಬ್ಯಾನರಿನ ಗಂಟು ಬಿಗಿಗೊಳಿಸಿದ. ಅದು ಮೊದಲೇ ಬಿಗಿಯಾಗಿತ್ತು.

"ನಿಮಗೆ?"

"ನನ್ಗೆ ನಿದ್ದೆ ಬರಕಿಲ್ಲ. ಈಗ್ಲೂ ಬತ್ತಿಲ್ಲ."

"ನಂಗೂ," ಎಂದಳು. ಅದಕ್ಕಿಂತ ಹೆಚ್ಚು ಹೇಳಲು ಅವಳಿಗೆ ಧೈರ್ಯವಿರಲಿಲ್ಲ. ಅಷ್ಟಕ್ಕೇ ಅವನ ಮುಖ ಅರಳಿ, ಕೂಡಲೇ ಗಂಭೀರವಾಯಿತು. ಅವನು ನೋಡುತ್ತಿದ್ದ ಕಡೆ ಅವಳೂ ನೋಡಿದಳು.

ಪಹಣಿಗಾಗಿ ಬಂದಿದ್ದ ಗುರುಪಾದಸ್ವಾಮಿ ಗೇಟಿನಲ್ಲಿ ನಿಂತಿದ್ದರು. ಬ್ಯಾನರ್ ಓದಿದರು. ಶಿವಮ್ಮನನ್ನು, ಮಗಳನ್ನು, ಮಗಳ ಪಕ್ಕದವನನ್ನು ನೋಡಿದರು. ಹತ್ತಿರ ಬಂದು ಮೆಲ್ಲಗೆ ಹೇಳಿದರು, "ನಿಮ್ಮವ್ವ ಊಟಕ್ಕೆ ಕಾಯ್ತಾವ್ಳೆ. ನಡಿ."

"ಧರಣಿ ಮುಗಿಸ್ಕೊಂಡು ಬತ್ತೀನಪ್ಪ."

ಅವರು ಬಯ್ಯಲಿಲ್ಲ. ಬೈಕ್ ಹತ್ತಿ ಹೋದರು. ಬೈದಿದ್ದರೆ ಅವಳಿಗೆ ಇಷ್ಟು ಹೆದರಿಕೆಯಾಗುತ್ತಿರಲಿಲ್ಲ.

ಜನ ಚದುರಿದ ಮೇಲೆ ಚಿನ್ನಸ್ವಾಮಿ ಅವಳ ಸ್ಕೂಟರಿನವರೆಗೂ ಬಂದ. "ಓಗ್ಬೇಡಿ. ಅಕ್ಕನ ಮನೇಲಿರಿ."

"ಇದ್ರೆ ಅಕ್ಕನ ಮೇಲೆ, ನಿಮ್ಮ ಮೇಲೆ ಬರುತ್ತೆ. ಮನೆಗೇ ಹೋಗ್ತೀನಿ. ನಾಳೆ ನಾನು ಫೋನಿಗೆ ಸಿಗ್ದಿದ್ರೆ ನೀವು ಬನ್ನಿ."

"ನಿಮ್ಮನೆ ಗೊತ್ತು. ಅಕ್ಕನ ಕೂಲಿ ಇಸ್ಕಳಕ್ಕೆ ಒಂದ್ಸಲ ಬಂದಿದ್ದೆ. ಮನೆ ಇಂದೆ, ಇತ್ತಲ ಬಾಗ್ಲಲ್ಲಿ ನಿಂತಿದ್ದೆ."

"ಅಲ್ಲಿಗೆ ಬರ್ಬೇಡಿ," ಎಂದಳು. "ಮುಂದಿನ ಬಾಗ್ಲಿಗೆ ಬನ್ನಿ. ಬಂದು ನನ್ನ ಹೆಸರು ಹಿಡಿದು ಕೂಗಿ."

ಅವನು ಹೆಲ್ಮೆಟ್ ಎತ್ತಿ ಅವಳ ಕೈಗೆ ಕೊಟ್ಟ. "ಎದ್ರಿಕೆ ಆಯ್ತದೆ ಕಣ್ರಿ."

"ಆಗ್ಲಿ. ನಂಗೂ ಆಗುತ್ತೆ. ಬನ್ನಿ."