ನೋವು ಮರೆತ ಕೈ

ಕಸ್ತೂರಿ ಬಡಿಗೇರ ತಾಮ್ರದ ತಂತಿಯ ಸುರುಳಿಯನ್ನು ಮೋಟರಿನ ಸಂದಿಗೆ ಒತ್ತುವಷ್ಟರಲ್ಲಿ ಬಲಗೈಯ ಕೈಗವಸು ಮತ್ತೆ ಕಲ್ಲಾಯಿತು. ಬೆರಳುಗಳು ಅರ್ಧ ಮಡಚಿದಲ್ಲೇ ನಿಂತವು. ಸುರುಳಿ ಜಾರಿ ಬಿಚ್ಚಿಕೊಂಡಿತು. ಬೆಳಿಗ್ಗೆಯಿಂದ ಸುತ್ತಿದ್ದೆಲ್ಲ ಹಾಳು.

"ಇದರ ಹೆಣಾ ಎತ್ಲಿ!" ಎಂದು ಆಕೆ ಎಡಗೈಯಿಂದ ಮೇಜು ಗುದ್ದಿದಳು.

2058ರಲ್ಲೂ ಹುಬ್ಬಳ್ಳಿಯ ಆ ಓಣಿಯಲ್ಲಿ ಸುಟ್ಟ ಮೋಟರುಗಳಿಗೆ ಕೈಯಿಂದಲೇ ತಂತಿ ಕಟ್ಟಬೇಕಿತ್ತು. ಅಂಗಡಿ ಕಸ್ತೂರಿಯದೇ. ಕೆಲವು ತಿಂಗಳ ಹಿಂದೆ ದುರಸ್ತಿಗೆ ಬಂದ ಮೋಟರಿನ ಫ್ಯಾನ್ ಒಮ್ಮೆಲೇ ತಿರುಗಿ ಆಕೆಯ ಎರಡು ಬೆರಳುಗಳ ಸ್ನಾಯುರಜ್ಜು, ಅಂದರೆ ಬೆರಳನ್ನು ಮಡಚುವ ಹುರಿ, ತುಂಡಾಗಿತ್ತು. ಡಾ. ಫರ್ಹಾನಾ ಮುಲ್ಲಾ ಅದನ್ನು ಹೊಲಿದು, ತಾವೇ ಕಂಡುಹಿಡಿದ ಕೈಗವಸನ್ನು ತೊಡಿಸಿದ್ದರು. ಚರ್ಮದಷ್ಟು ತೆಳುವಾದ ಆ ಪೊರೆ ಹೊಲಿಗೆಯ ಮೇಲೆ ಬೀಳುವ ಎಳೆತವನ್ನು ಅಳೆದು, ಮಿತಿ ಮೀರುವ ಮೊದಲೇ ಗಟ್ಟಿಯಾಗಿ ಬೆರಳನ್ನು ತಡೆಯುತ್ತಿತ್ತು. ಹಿಂದೆಲ್ಲ ಆತುರಪಟ್ಟು ಕೆಲಸಕ್ಕಿಳಿದವರ ಹೊಲಿಗೆ ಹರಿದು ಕೈ ಕೆಲಸಕ್ಕೆ ಬಾರದಂತಾಗುತ್ತಿತ್ತು. ಕೈಗವಸು ಬಂದ ಮೇಲೆ ಆ ಭಯ ಹೋಯಿತು.

ಆದರೆ ಅದಕ್ಕೆ ಜಡೆ ಹೆಣೆಯುವುದೂ ಒಪ್ಪಿಗೆಯಿಲ್ಲ, ರೊಟ್ಟಿ ತಟ್ಟುವುದೂ ಇಲ್ಲ. ಒದ್ದೆ ಬಟ್ಟೆ ಹಿಂಡಲು ಹೋದರೆ ಬಟ್ಟೆಯನ್ನು ಹಿಡಿದೇ ನಿಂತುಬಿಡುತ್ತಿತ್ತು. ಗಿರಾಕಿಗಳು ಪಕ್ಕದ ಓಣಿಗೆ ಹೋಗತೊಡಗಿದ್ದರು. ಕಸ್ತೂರಿ ಅಂಗಡಿಯ ಬಾಗಿಲೆಳೆದು ಸೀದಾ ಆಸ್ಪತ್ರೆಗೆ ನಡೆದಳು.

"ತಗೀರಿ ಮೇಡಂ ಇದನ್ನ," ಎಂದು ಡಾಕ್ಟರರ ಮುಂದೆ ಕೈ ಚಾಚಿದಳು. "ಕೈ ನಂದೋ, ಇದರದೋ?"

ಸ್ಕ್ಯಾನ್ ನೋಡಿದ ಫರ್ಹಾನಾ ನಿಟ್ಟುಸಿರಿಟ್ಟರು. "ಹುರಿ ಪೂರ್ತಿ ಕೂಡ್ಕೊಂಡದ ಅಕ್ಕಾರ. ಆದ್ರೂ ಇದು ಬಿಡವಲ್ದು. ನಾನು ಕಂಡುಹಿಡಿದ್ರೂ, ಇದನ್ನ ತಯಾರ ಮಾಡೋ ಕಂಪನಿಯವ್ರು ಎಲ್ಲಾರಿಗೂ ಒಂದ ಮಿತಿ ಇಟ್ಟಾರ. ಬದಲಿ ಮಾಡ್ರಿ ಅಂತ ಹೇಳಿ ಹೇಳಿ ನನಗೂ ಸಾಕಾಗಿ ಹೋಗ್ಯದ." ಅವರೇ ಕತ್ತರಿ ತೆಗೆದುಕೊಂಡು ಪೊರೆಯನ್ನು ಸೀಳಿದರು.

ಮರುದಿನವೇ ಕಸ್ತೂರಿಯ ಫೋನು. "ಕೈಗವಸೂ ಹೋತು, ಕೈನೂ ಹೋತು! ಬಂದು ನೋಡ್ರಿ."

ಫರ್ಹಾನಾ ಅಂಗಡಿಗೆ ಬಂದರು. ಕಸ್ತೂರಿ ಸುರುಳಿಯನ್ನು ಸಂದಿಗಿಟ್ಟು ಒತ್ತಿದಳು. ಬರಿಗೈಯ ಬೆರಳುಗಳು ಅರ್ಧದಲ್ಲೇ ನಿಂತುಬಿಟ್ಟವು.

"ನೋಯ್ತದೇನು?"

"ಎಲ್ಲೀ ನೋವು? ನೋವಿನ ತನಕಾ ಹೋಗಾಕ ಆ ಕೈಗವಸು ಬಿಟ್ಟಿದ್ರಲ್ಲ! ಎಷ್ಟು ಒತ್ತಿದ್ರ ನೋಯ್ತೈತಿ ಅನ್ನೋದ ಕೈಗೆ ಮರ್ತು ಹೋಗೈತಿ."

ಕಸ್ತೂರಿ ಹಲ್ಲು ಕಚ್ಚಿ, ತನ್ನ ಬೆರಳುಗಳನ್ನೇ ಬೈಯುತ್ತ ಮತ್ತೆ ಒತ್ತಿದಳು. ಸುರುಳಿ ಒಳಗೆ ಕೂತಿತು. ಅಂಗೈಯಿಂದ ಮೊಣಕೈವರೆಗೆ ನೋವು ಚಳಕ್ಕೆಂದಿತು, ಕಣ್ಣಲ್ಲಿ ನೀರು ಬಂತು.

"ಹಾಂ, ಇಲ್ಲೀತನಕಾ," ಎಂದಳು, ಸಿಟ್ಟಿಳಿಯದ ದನಿಯಲ್ಲೇ. "ಈಗ ಗೊತ್ತಾತು." ಕೈ ಕೊಡವಿ, ತುಸು ಸುಧಾರಿಸಿಕೊಂಡು, ಇನ್ನೊಂದು ಸುರುಳಿ ಎತ್ತಿಕೊಂಡಳು.

ನೋಡುತ್ತ ನಿಂತಿದ್ದ ಫರ್ಹಾನಾರ ಮಣಿಕಟ್ಟಿನ ಪಟ್ಟಿ ಕಂಪಿಸಿತು: ನೀರು ಕುಡಿಯುವ ಹೊತ್ತು. ಅವರ ಕೈ ತಾನಾಗಿ ಬ್ಯಾಗಿನೊಳಗಿನ ಬಾಟಲಿಗೆ ಹೋಯಿತು. ಮುಚ್ಚಳ ತಿರುಗಿಸುತ್ತಿದ್ದವರು ತಡೆದು ನಿಂತರು. ತಮಗೆ ನಿಜಕ್ಕೂ ಬಾಯಾರಿದೆಯೇ? ಎಷ್ಟು ಹೊತ್ತು ನಿಂತು ಯೋಚಿಸಿದರೂ ಅವರಿಗೆ ಅದು ತಿಳಿಯಲಿಲ್ಲ.